‘ನಿಮಗೆ ಮೂರು ದೇವರಂತೆ, ಹೌದಾ?’: ಕ್ರೈಸ್ತ ನಂಬಿಕೆಯ ಬಗ್ಗೆ ಕಷ್ಟದ ಪ್ರಶ್ನೆ ಬಂದಾಗ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1.87. ಕರಾವಳಿ ಮತ್ತು ಬೆಂಗಳೂರನ್ನು ಬಿಟ್ಟರೆ ಒಂದು ಕಚೇರಿಗೋ ಒಂದು ತರಗತಿಗೋ ಒಬ್ಬರು, ಹೆಚ್ಚೆಂದರೆ ಇಬ್ಬರು. ಹಾಗಾಗಿ ಸುತ್ತಲಿನವರಿಗೆ ಈ ಧರ್ಮದ ಬಗ್ಗೆ ಏನೇ ಕುತೂಹಲ, ಸಿಟ್ಟು, ಅನುಮಾನ ಇದ್ದರೂ ಅದು ಬಂದು ಬೀಳುವುದು ಆ ಒಬ್ಬರ ಮೇಲೆ. ಊಟದ ಡಬ್ಬಿ ಬಿಚ್ಚುವಾಗ ‘ನಿಮಗೆ ಮೂರು ದೇವರಂತೆ, ಹೌದಾ?’ ಕ್ಯಾಬಿನಲ್ಲಿ ಮನೆಗೆ ಹೋಗುವಾಗ ‘ಬೈಬಲ್ಲನ್ನು ಯಾರೋ ರಾಜ ತಿದ್ದಿಸಿದನಂತಲ್ಲ?’ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ‘ನಿಮ್ಮ ದೇವರು ಅಷ್ಟು ಕರುಣಾಮಯಿಯಾದರೆ ನಮ್ಮ ಮಗುವಿಗೆ ಯಾಕೆ ಹೀಗಾಯಿತು?’

ಹೆಚ್ಚಿನವರು ಇದಕ್ಕೆ ಎರಡರಲ್ಲಿ ಒಂದು ಮಾಡುತ್ತಾರೆ. ‘ಅದೆಲ್ಲ ನಂಬಿಕೆ, ಪ್ರಶ್ನೆ ಮಾಡಬಾರದು’ ಎಂದು ಮಾತು ಮುಗಿಸುತ್ತಾರೆ. ಇಲ್ಲವೇ ಯೂಟ್ಯೂಬಿನಲ್ಲಿ ಕೇಳಿದ ವಾದಗಳನ್ನೆಲ್ಲ ಒಂದೇ ಉಸಿರಿಗೆ ಸುರಿಯುತ್ತಾರೆ. ಎರಡೂ ಕ್ರೈಸ್ತರ ಗ್ರಂಥದ ಮಾತಿಗೇ ವಿರುದ್ಧ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ, 15ನೇ ವಚನ ಹೇಳುವುದು ಎರಡು ಸಂಗತಿ: ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಅದನ್ನು ಸೌಮ್ಯವಾಗಿ, ಗೌರವದಿಂದ ಕೊಡಿ. ಈ ಪತ್ರ ಹೋದದ್ದು ಇಂದಿನ ಟರ್ಕಿಯ ಭಾಗಗಳಲ್ಲಿ ಚದುರಿದ್ದ, ನೆರೆಯವರ ನಿಂದೆ ಕೇಳಿಕೊಂಡು ಬದುಕುತ್ತಿದ್ದ ಅಲ್ಪಸಂಖ್ಯಾತರಿಗೆ. ವೇದಿಕೆಯ ಮೇಲೆ ವಾದ ಗೆಲ್ಲುವವರಿಗೆ ಬರೆದ ಸಲಹೆ ಅಲ್ಲ ಅದು.

ಕೇಳಿದ್ದು ಏನು, ಕೇಳಿದವರು ಯಾರು

ಒಂದೇ ಮಾತು ಮೂರು ಬೇರೆ ಪ್ರಶ್ನೆಗಳಾಗಿರಬಹುದು. ಮಾಹಿತಿ ಬೇಕಾಗಿರಬಹುದು, ಆಕ್ಷೇಪ ಇರಬಹುದು, ಒಳಗೊಂದು ನೋವಿರಬಹುದು. ನೋವು ಬಹಳ ಸಲ ಆಕ್ಷೇಪದ ದನಿಯಲ್ಲೇ ಬರುತ್ತದೆ. ಅದಕ್ಕೇ ಉತ್ತರಕ್ಕೆ ಮೊದಲು ಒಂದು ಮರುಪ್ರಶ್ನೆ: ‘ಇದು ಈಗ ಯಾಕೆ ತಲೆಗೆ ಬಂತು?’ ಅಥವಾ ‘ನೀವು ಎಲ್ಲಿ ಓದಿದಿರಿ?’ ಪೊಲೀಸ್ ವಿಚಾರಣೆಯಂತೆ ಕೇಳಬಾರದು ಅಷ್ಟೇ. ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ, ವಾಟ್ಸ್ಆ್ಯಪ್ ಫಾರ್ವರ್ಡ್ ಓದಿ ಕೇಳಿದರೋ, ಅಮ್ಮನ ಸ್ಕ್ಯಾನ್ ರಿಪೋರ್ಟ್ ನೋಡಿ ಕೇಳಿದರೋ.

ಮಾಹಿತಿಯ ಪ್ರಶ್ನೆಗೆ ಎರಡು ನಿಮಿಷದ ಉತ್ತರ ಸಾಕು. ಅದರಲ್ಲಿ ಮೂರು ಭಾಗ: ಸಭೆ (ಅಂದರೆ ಚರ್ಚು) ಏನು ಕಲಿಸುತ್ತದೆ, ಯಾಕೆ ಹಾಗೆ ಕಲಿಸುತ್ತದೆ, ಎಲ್ಲಿ ತೊಡಕು ಉಳಿಯುತ್ತದೆ. ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ, ಆದರೆ ಕೇಳುವವರು ಮೊದಲೆರಡನ್ನು ನಂಬುವುದು ಅದರಿಂದಲೇ.

ಬೈಬಲಿನ ವಚನಗಳನ್ನು ಎಲ್ಲಿ ಬಳಸಬೇಕೆಂಬುದರಲ್ಲೂ ಎಡವುತ್ತಾರೆ. ‘ಕ್ರೈಸ್ತರು ಏನು ನಂಬುತ್ತಾರೆ?’ ಎಂಬುದಕ್ಕೆ ವಚನ ಸರಿಯಾದ ಆಧಾರ. ‘ಅದು ನಿಜ ಅಂತ ಹೇಗೆ ಹೇಳ್ತೀರಿ?’ ಎಂದು ಕೇಳಿದವರಿಗೆ, ಬೈಬಲ್ಲನ್ನು ಒಪ್ಪದವರಿಗೆ, ಇನ್ನೊಂದು ವಚನ ಓದಿದರೆ ಸುತ್ತು ಹೊಡೆದು ಅಲ್ಲಿಗೇ ಬಂದ ಹಾಗೆ. ‘ನಿಮ್ಮಲ್ಲೂ ಹಾಗೇ ಇದೆಯಲ್ಲ’ ಎಂದು ತಿರುಗಿಸುವುದು ಇನ್ನೂ ಕೆಟ್ಟದ್ದು. ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಜಗಳ ಮಾತ್ರ ಸಿಕ್ಕಿತು.

ಒಬ್ಬ ದೇವರು, ಮೂವರು?

ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಚಿತ್ರ ಇರುತ್ತದೆ. ಹಿಂದೂ ಗೆಳೆಯರಿಗೆ ಬ್ರಹ್ಮ, ವಿಷ್ಣು, ಮಹೇಶ್ವರ. ಮುಸ್ಲಿಂ ಗೆಳೆಯರಿಗೆ, ದೇವರು ಮನುಷ್ಯರ ಹಾಗೆ ಮಗನನ್ನು ಪಡೆದ ಎಂಬ ಕಲ್ಪನೆ. ಮೊದಲ ಚಿತ್ರದಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಹಂಚಿಕೆಯಾಗಿದೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಿಯೇಕ ದೇವರ ಬೋಧನೆಯಲ್ಲಿ ಆ ಹಂಚಿಕೆ ಇಲ್ಲ: ಸೃಷ್ಟಿ ತಂದೆಯೊಬ್ಬನ ಕೆಲಸವಲ್ಲ, ಮಗನ ಮೂಲಕವೇ ಎಲ್ಲವೂ ಉಂಟಾಯಿತು ಎನ್ನುತ್ತದೆ ಯೋಹಾನನ ಸುವಾರ್ತೆಯ (ಯೇಸುವಿನ ಬದುಕು, ಬೋಧನೆ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದು) ಮೊದಲ ಅಧ್ಯಾಯ. ಎರಡನೆಯ ಚಿತ್ರವನ್ನು ಯಾವ ಸಭೆಯೂ ಕಲಿಸುವುದಿಲ್ಲ. ಕಥೋಲಿಕರೂ ಇಲ್ಲ, ಪ್ರೊಟೆಸ್ಟಂಟರೂ ಇಲ್ಲ, ಕೇರಳದ ಸಿರಿಯನ್ ಕ್ರೈಸ್ತರೂ ಇಲ್ಲ. ‘ಮಗ’ ಎಂಬುದು ಸಂಬಂಧ ಹೇಳುತ್ತದೆ, ಹೆರಿಗೆಯನ್ನಲ್ಲ. ಮುಸ್ಲಿಂ ಗೆಳೆಯರಿಗೆ ಮೊದಲು ಇದನ್ನೇ ಹೇಳಬೇಕು: ‘ನೀವು ತಳ್ಳಿಹಾಕುವ ಆ ಕಲ್ಪನೆಯನ್ನು ನಾವೂ ತಳ್ಳಿಹಾಕುತ್ತೇವೆ.’

ಇನ್ನು ಎರಡು ನಿಮಿಷದ ಉತ್ತರ. ದೇವರು ಒಬ್ಬನೇ ಎಂಬುದು ಬೈಬಲಿನ ಧರ್ಮೋಪದೇಶಕಾಂಡ 6:4ರ ಮಾತು. ಅತಿ ಮುಖ್ಯ ಆಜ್ಞೆ ಯಾವುದು ಎಂದು ಕೇಳಿದಾಗ ಯೇಸು ಉದ್ಧರಿಸಿದ್ದೂ ಅದನ್ನೇ (ಮಾರ್ಕ 12:29). ಆ ಒಂದು ದೇವರನ್ನು ಬಿಟ್ಟರೆ ಬೇರೆ ಯಾರಿಗೂ ಅಡ್ಡಬೀಳದ ಯೆಹೂದ್ಯರೇ ಮೊದಲ ಶಿಷ್ಯರು. ಅಂಥವರು ಯೇಸುವಿಗೆ ಪ್ರಾರ್ಥಿಸತೊಡಗಿದರು, ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡತೊಡಗಿದರು. ಒಬ್ಬನೇ ದೇವರು ಎಂಬುದನ್ನೂ ಬಿಡದೆ, ಇದನ್ನೂ ಬಿಡದೆ ಹೇಳುವ ಬಗೆ ಹುಡುಕಲು ಸಭೆಗೆ ಸುಮಾರು ಮುನ್ನೂರು ವರ್ಷ ಬೇಕಾಯಿತು. 325ರಲ್ಲಿ ನೈಸೀಯ, 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳು ಅದಕ್ಕೆ ರೂಪ ಕೊಟ್ಟವು. ದೈವತ್ವ ಒಂದೇ, ಆದರೆ ತಂದೆ ಮಗನಲ್ಲ, ಮಗ ಪವಿತ್ರಾತ್ಮನಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದಾಗ ತನ್ನೊಂದಿಗೆ ತಾನೇ ಮಾತಾಡಿಕೊಳ್ಳುತ್ತಿರಲಿಲ್ಲ.

‘ಒಂದು ಅಂದರೆ ಮೂರು, ಇದೆಂಥ ಲೆಕ್ಕ?’ ಎಂದು ಕೇಳಿದರೆ: ‘ಒಬ್ಬ ದೇವರು ಮತ್ತು ಮೂವರು ದೇವರು’ ಎಂದಿದ್ದರೆ ಅದು ಸ್ವವಿರೋಧ. ಒಂದು ಎನ್ನುವುದು ದೈವತ್ವವನ್ನು, ಮೂರು ಎನ್ನುವುದು ವ್ಯಕ್ತಿಗಳನ್ನು. ಪೂರ್ತಿ ಅರ್ಥವಾಗದ ಮಾತು ಇದು, ಹೌದು. ಆದರೆ ಅರ್ಥವಾಗದ್ದು ಬೇರೆ, ತನ್ನನ್ನು ತಾನೇ ಅಲ್ಲಗಳೆಯುವುದು ಬೇರೆ.

ಸಂಡೇ ಸ್ಕೂಲಿನ ಹೋಲಿಕೆಗಳನ್ನು ಇಲ್ಲಿ ದಯವಿಟ್ಟು ತರಬೇಡಿ. ನೀರು, ಮಂಜುಗಡ್ಡೆ, ಆವಿ ಎಂದರೆ ಒಬ್ಬನೇ ದೇವರು ಮೂರು ವೇಷ ಹಾಕಿದ ಹಾಗಾಗುತ್ತದೆ. ಮೂರನೇ ಶತಮಾನದಲ್ಲಿ ಸಬೆಲ್ಲಿಯಸ್‌ನ ಹೆಸರಿಗೆ ಅಂಟಿಕೊಂಡ ಈ ವಾದವನ್ನು ಸಭೆ ಆಗಲೇ ನಿರಾಕರಿಸಿದೆ. ಮೊಟ್ಟೆಯ ಚಿಪ್ಪು, ಬಿಳಿ, ಹಳದಿ ಎಂದರೆ ದೇವರಲ್ಲಿ ಮೂರು ತುಂಡುಗಳಾದವು. ಚುರುಕಾದ ಕೇಳುಗರು ಹೋಲಿಕೆಯ ತಪ್ಪನ್ನು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ, ಆಮೇಲೆ ಬೋಧನೆಯೇ ತಪ್ಪು ಅಂದುಕೊಳ್ಳುತ್ತಾರೆ.

1 ಯೋಹಾನ 5:7ನ್ನೂ ಇಲ್ಲಿ ಆಧಾರವಾಗಿ ಕೊಡಬಾರದು. ‘ಪರಲೋಕದಲ್ಲಿ ಸಾಕ್ಷಿ ಕೊಡುವವರು ಮೂವರು’ ಎಂಬ ವಾಕ್ಯ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಲ್ಯಾಟಿನ್ ಪರಂಪರೆಯಿಂದ ಬಹಳ ತಡವಾಗಿ ಒಳಗೆ ಬಂದದ್ದು. ಇದು ಗೊತ್ತಿರುವ ಒಬ್ಬರು ಎದುರಿಗಿದ್ದರೆ ಮಾತು ಅಲ್ಲಿಗೇ ಮುಗಿಯಿತು.

‘ತಿದ್ದಿದ ಪುಸ್ತಕ’

ಆ ವಾಕ್ಯದ ಕತೆ ಇನ್ನೊಂದು ದೊಡ್ಡ ಪ್ರಶ್ನೆಗೆ ಬಾಗಿಲು. ಬೈಬಲ್ ಬದಲಾಗಿದೆ ಎನ್ನುವವರಲ್ಲಿ ಎರಡು ಬೇರೆ ವಾದಗಳು ಬೆರೆತಿರುತ್ತವೆ. ಬಿಡಿಸಿ ಉತ್ತರಿಸಬೇಕು.

ಒಂದು: ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸೀಯದಲ್ಲಿ ತನಗೆ ಬೇಕಾದ ಪುಸ್ತಕಗಳನ್ನು ಇಟ್ಟು ಉಳಿದದ್ದನ್ನು ಎಸೆದ. ಇದು ಸುಳ್ಳು. ಆ ಮಹಾಸಭೆಯನ್ನು ಕರೆದವನು ಅವನೇ, ನಿಜ. ಆದರೆ ಅಲ್ಲಿ ಹೊರಟ 20 ನಿಯಮಗಳಲ್ಲಿ ಒಂದೂ ಗ್ರಂಥಗಳ ಪಟ್ಟಿಯ ಬಗ್ಗೆ ಇಲ್ಲ. ಚರ್ಚೆಯಾದದ್ದು ಮಗನೂ ಸೃಷ್ಟಿಯಾದವನೇ ಎಂಬ ಆರಿಯಸ್‌ನ ವಾದ, ಈಸ್ಟರ್ ಹಬ್ಬದ ದಿನ, ಪಾದ್ರಿಗಳ ಶಿಸ್ತು ಇಂಥವು. ನಾಲ್ಕೇ ಸುವಾರ್ತೆಗಳು ಎಂದು ಲಿಯಾನ್ಸಿನ ಐರೇನಿಯಸ್ ಸುಮಾರು 180ರಲ್ಲೇ ವಾದಿಸಿದ್ದಾನೆ. ಹೊಸ ಒಡಂಬಡಿಕೆಯಲ್ಲಿ (ಯೇಸು ಮತ್ತು ಶಿಷ್ಯರ ಬಗೆಗಿನ, ಬೈಬಲಿನ ಎರಡನೇ ಭಾಗ) ಈಗಿರುವ 27 ಪುಸ್ತಕಗಳ ಪೂರ್ತಿ ಪಟ್ಟಿ ಮೊದಲು ಸಿಗುವುದು ಅಲೆಕ್ಸಾಂಡ್ರಿಯದ ಅಥನೇಷಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿ. ನಡುವೆ ಇಬ್ರಿಯ, 2 ಪೇತ್ರ, ಪ್ರಕಟನೆ ಮುಂತಾದವುಗಳ ಬಗ್ಗೆ ದೀರ್ಘ ಜಗ್ಗಾಟ ನಡೆದಿದೆ. ಅದನ್ನು ಮುಚ್ಚಿಡಬೇಕಿಲ್ಲ. ಒಬ್ಬ ರಾಜ ಒಂದು ದಿನ ಹೇರಿದ್ದಾಗಿದ್ದರೆ ಇಷ್ಟು ಜಗ್ಗಾಟಕ್ಕೆ ಜಾಗವೇ ಇರುತ್ತಿರಲಿಲ್ಲ. ಕಥೋಲಿಕರಲ್ಲಿ 73, ಪ್ರೊಟೆಸ್ಟಂಟರಲ್ಲಿ 66 ಪುಸ್ತಕ ಯಾಕೆ ಎಂದು ಕೇಳಿದರೆ, ಆ ಏಳರ ವ್ಯತ್ಯಾಸ ಇರುವುದು ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ. ಹೊಸ ಒಡಂಬಡಿಕೆಯ 27 ಇಬ್ಬರಿಗೂ ಒಂದೇ.

ಎರಡು: ನಕಲು ಮಾಡುತ್ತ ಮಾಡುತ್ತ ಮೂಲವೇ ಹೋಯಿತು. ಹೊಸ ಒಡಂಬಡಿಕೆಯ 5,000ಕ್ಕೂ ಹೆಚ್ಚು ಗ್ರೀಕ್ ಹಸ್ತಪ್ರತಿಗಳು ಪಟ್ಟಿಯಾಗಿವೆ. ಈ ಸಂಖ್ಯೆಯನ್ನು ಹೇಳುವಾಗ ಜೊತೆಗೇ ಹೇಳಬೇಕಾದದ್ದು: ಅವುಗಳಲ್ಲಿ ಬಹಳಷ್ಟು ಚೂರುಗಳು, ಹೆಚ್ಚಿನವು ಮಧ್ಯಯುಗದವು. ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿ ಯೋಹಾನ 18ರ ಕೆಲವು ಸಾಲುಗಳಿರುವ ಪಪೈರಸ್ ತುಂಡೊಂದಿದೆ. ಅಂಗೈಯಲ್ಲಿ ಹಿಡಿಯುವಷ್ಟು, ಸುಮಾರು 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ; ಎರಡೂ ಬದಿ ಬರಹ. ಅಂದರೆ ಸುರುಳಿಯದಲ್ಲ, ಪುಸ್ತಕದ ಹಾಳೆ. ಅದು ಎರಡನೇ ಶತಮಾನದ್ದು ಎಂಬುದು ಸಾಮಾನ್ಯ ಅಭಿಪ್ರಾಯ. ಹೆಚ್ಚುಕಡಿಮೆ ಪೂರ್ತಿಯಾದ ದೊಡ್ಡ ಪ್ರತಿಗಳಾದ ಸಿನಾಯ್ ಮತ್ತು ವ್ಯಾಟಿಕನ್ ಕೋಡೆಕ್ಸುಗಳು (ಪುಸ್ತಕದಂತೆ ಕಟ್ಟಿದ ಹಸ್ತಪ್ರತಿಗಳು) ನಾಲ್ಕನೇ ಶತಮಾನದವು.

ಪ್ರತಿಗಳ ನಡುವೆ ವ್ಯತ್ಯಾಸಗಳಿವೆ, ಲೆಕ್ಕ ಹಾಕಿದರೆ ಬಹಳ ಇವೆ. ಬಹುಪಾಲು ಕಾಗುಣಿತ, ಪದಗಳ ಹಿಂದುಮುಂದು. ದೊಡ್ಡವು ಎರಡು: ಮಾರ್ಕ 16:9ರಿಂದ 20ರವರೆಗಿನ ಭಾಗ, ಮತ್ತು ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ (ಯೋಹಾನ 7:53ರಿಂದ 8:11). ಅತಿ ಹಳೆಯ ಪ್ರತಿಗಳಲ್ಲಿ ಇವೆರಡೂ ಇಲ್ಲ. ಅನೇಕ ಆಧುನಿಕ ಅನುವಾದಗಳು ಅಡಿಟಿಪ್ಪಣಿಯಲ್ಲಿ ಇದನ್ನು ತಾವೇ ಹೇಳುತ್ತವೆ. ‘ಒಂದಕ್ಷರವೂ ಬದಲಾಗಿಲ್ಲ’ ಎಂದು ಹುಮ್ಮಸ್ಸಿನಲ್ಲಿ ಸಾಧಿಸಿದವರನ್ನು ಅವರದೇ ಬೈಬಲಿನ ಅಡಿಟಿಪ್ಪಣಿ ಸುಳ್ಳು ಮಾಡುತ್ತದೆ. ವ್ಯತ್ಯಾಸ ಎಲ್ಲೆಲ್ಲಿದೆ ಎಂದು ಗೊತ್ತಾಗುವುದೇ ಪ್ರತಿಗಳು ಬೇಕಾದಷ್ಟು ಇರುವುದರಿಂದ ಎಂಬುದು ಸರಿಯಾದ ಉತ್ತರ.

ಕನ್ನಡಿಗರಲ್ಲಿ ಇನ್ನೊಂದು ಗೊಂದಲ ಇದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಸಿದ್ಧಪಡಿಸಿದ ಇಡೀ ಬೈಬಲಿನ ಕನ್ನಡ ಅನುವಾದ 1831ರಲ್ಲಿ ಬಂತು. ಆಮೇಲೆ ಪರಿಷ್ಕರಣೆಗಳಾದವು, ಹೊಸ ಅನುವಾದಗಳಾದವು. ಅಜ್ಜಿಯ ಬೈಬಲಿಗೂ ಮೊಮ್ಮಗಳ ಮೊಬೈಲಿನದಕ್ಕೂ ಮಾತು ಬೇರೆ ಕಂಡಾಗ ‘ನೋಡಿ, ತಿದ್ದಿದ್ದಾರೆ’ ಅನ್ನುತ್ತಾರೆ. ಬದಲಾದದ್ದು ಕನ್ನಡ; ಹಿಂದಿರುವ ಹೀಬ್ರೂ, ಗ್ರೀಕ್ ಪಠ್ಯವನ್ನು ಯಾರು ಬೇಕಾದರೂ ತೆರೆದು ಹೋಲಿಸಬಹುದು.

ಇಷ್ಟು ಹೇಳಿ ನಿಲ್ಲಿಸಬೇಕು. ಹಸ್ತಪ್ರತಿಗಳು ತೋರಿಸುವುದು, ಬರೆದದ್ದು ನಮ್ಮ ಕೈಗೆ ಹೆಚ್ಚುಕಡಿಮೆ ಹಾಗೇ ತಲುಪಿದೆ ಎಂದು. ಬರೆದದ್ದೆಲ್ಲ ನಿಜ ಎಂದು ಅವು ತೋರಿಸುವುದಿಲ್ಲ. ಯೇಸುವಿನ ಚಾರಿತ್ರಿಕತೆಗೂ ಇದೇ ಎಚ್ಚರ ಬೇಕು. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು 116ರಲ್ಲಿ, ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತು ಎಂದು ಬರೆದಿದ್ದಾನೆ. ಅದನ್ನು ಧೈರ್ಯವಾಗಿ ಹೇಳಬಹುದು. ಯೆಹೂದಿ ಇತಿಹಾಸಕಾರ ಜೋಸೆಫಸ್ ಯೇಸುವಿನ ಬಗ್ಗೆ ಬರೆದ ಪ್ರಸಿದ್ಧ ಭಾಗದಲ್ಲಿ ಮುಂದೆ ಕ್ರೈಸ್ತ ನಕಲುಗಾರರ ಕೈ ಆಡಿದೆ ಎಂಬುದು ಬಹುತೇಕ ವಿದ್ವಾಂಸರ ಮತ, ಅದನ್ನು ಹೇಳದೆ ಆ ಭಾಗ ಓದಬಾರದು. ಪುನರುತ್ಥಾನಕ್ಕೆ, ಅಂದರೆ ಸತ್ತ ಯೇಸು ಮತ್ತೆ ಎದ್ದದ್ದಕ್ಕೆ, ಅತಿ ಹಳೆಯ ಬರಹ ಅಪೊಸ್ತಲ ಪೌಲನ ಪತ್ರವಾದ 1 ಕೊರಿಂಥದ 15ನೇ ಅಧ್ಯಾಯ. ಘಟನೆಯಾಗಿ ಸುಮಾರು 25 ವರ್ಷಕ್ಕೆ ಬರೆದದ್ದು, ಅಲ್ಲೂ ಪೌಲ ತಾನು ಇನ್ನೊಬ್ಬರಿಂದ ಪಡೆದದ್ದನ್ನು ದಾಟಿಸುತ್ತಿದ್ದೇನೆ ಎನ್ನುತ್ತಾನೆ. ಸಾಕ್ಷಿಗಳ ಹೇಳಿಕೆ ಬಹಳ ಬೇಗ ಹುಟ್ಟಿತು ಎಂಬಲ್ಲಿಯವರೆಗೆ ಇತಿಹಾಸ ಕರೆದೊಯ್ಯುತ್ತದೆ. ಅಲ್ಲಿಂದ ಮುಂದಿನದು ನಂಬಿಕೆ.

ನೋವಿನ ಪ್ರಶ್ನೆ

ಸಾವಿನ ಮನೆಯಲ್ಲಿ ‘ದೇವರು ಯಾಕೆ ಹೀಗೆ ಮಾಡಿದ?’ ಎಂದವರಿಗೆ ವಾದ ಬೇಡ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುವ ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತದ್ದು. ಬಾಯಿ ತೆರೆದ ಮೇಲೆ ಕೆಟ್ಟಿತು. ಪುಸ್ತಕದ ಕೊನೆಗೆ ದೇವರು ಬೈದದ್ದು ದೇವರ ಪರ ವಾದಿಸಿದ ಆ ಗೆಳೆಯರನ್ನೇ.

ಕ್ರೈಸ್ತರ ಬಾಯಲ್ಲಿ ಬರುವ ಮೂರು ಮಾತುಗಳು ಇಲ್ಲಿ ಹಾನಿ ಮಾಡುತ್ತವೆ. ‘ಎಲ್ಲ ದೇವರ ಚಿತ್ತ’: ಕುಡಿದ ಚಾಲಕನ ತಪ್ಪನ್ನು ದೇವರ ತಲೆಗೆ ಕಟ್ಟಿದ ಹಾಗಾಗುತ್ತದೆ. ‘ಮಗು ದೇವರಿಗೆ ತುಂಬ ಇಷ್ಟವಾಯಿತು, ಕರೆದುಕೊಂಡ’: ಇದಕ್ಕೆ ಬೈಬಲಿನಲ್ಲಿ ಆಧಾರವೇ ಇಲ್ಲ, ತಾಯಿಗೆ ದೇವರು ಕಳ್ಳನಂತೆ ಕಾಣುತ್ತಾನೆ. ‘ವಿಶ್ವಾಸ ಸಾಲದಾಯಿತು’: ಇದು ಎಲ್ಲಕ್ಕಿಂತ ಕ್ರೂರ, ಜೊತೆಗೆ ಯೇಸುವಿನ ಮಾತಿಗೇ ವಿರುದ್ಧ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಬೇರೆಯವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ನೆನೆಸುತ್ತೀರಾ ಎಂದು ಕೇಳಿ, ಇಲ್ಲ ಎಂದು ತಾನೇ ಉತ್ತರಿಸಿದ್ದಾನೆ (ಲೂಕ 13:4). ಹುಟ್ಟುಕುರುಡನನ್ನು ಕಂಡು ‘ಯಾರು ಮಾಡಿದ ಪಾಪ, ಇವನದೋ ತಂದೆತಾಯಿಯದೋ?’ ಎಂದ ಶಿಷ್ಯರಿಗೂ ಸಿಕ್ಕಿದ್ದು ‘ಇಬ್ಬರದೂ ಅಲ್ಲ’ ಎಂಬ ಉತ್ತರ.

ತರ್ಕವಾಗಿಯೇ ಕೇಳುವವರೂ ಇದ್ದಾರೆ, ಅವರಿಗೆ ತರ್ಕವಾಗಿಯೇ ಹೇಳಬೇಕು. ದೇವರು ಸರ್ವಶಕ್ತ, ದೇವರು ಒಳ್ಳೆಯವನು, ಕೇಡು ಇದೆ. ಮೂರೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಎಂದು ತತ್ವಶಾಸ್ತ್ರಜ್ಞ ಜೆ. ಎಲ್. ಮ್ಯಾಕಿ 1955ರಲ್ಲಿ ವಾದಿಸಿದರು. ಸ್ವತಂತ್ರ ಇಚ್ಛೆಯುಳ್ಳ ಜೀವಿಗಳನ್ನು ಮಾಡಿ ಅವು ತಪ್ಪೇ ಮಾಡದಂತೆ ನೋಡಿಕೊಳ್ಳುವುದು ಸರ್ವಶಕ್ತನಿಗೂ ಆಗದಿರಬಹುದು ಎಂಬುದು 1970ರ ದಶಕದಲ್ಲಿ ಆಲ್ವಿನ್ ಪ್ಲಾಂಟಿಂಗಾ ಕೊಟ್ಟ ಉತ್ತರ. ಮೂರರ ನಡುವೆ ನೇರ ವಿರೋಧ ಸಾಬೀತಾಗಿಲ್ಲ ಎಂದು ಅನೇಕ ನಾಸ್ತಿಕ ಚಿಂತಕರೂ ಒಪ್ಪುತ್ತಾರೆ. ಆದರೆ ಈ ಉತ್ತರಕ್ಕೆ ಮಿತಿ ಇದೆ. ಕೊಲೆ, ಮೋಸ, ಯುದ್ಧಕ್ಕೆ ಹೊಂದುವಷ್ಟು ಅದು ಆರು ವರ್ಷದ ಮಗುವಿನ ರಕ್ತದ ಕ್ಯಾನ್ಸರಿಗೆ ಹೊಂದುವುದಿಲ್ಲ. ಇಷ್ಟೊಂದು ಅನವಶ್ಯ ಸಂಕಟ ಇರುವಾಗ ದೇವರಿರುವುದು ಸಂಭವವೇ ಎಂಬ, 1979ರಲ್ಲಿ ವಿಲಿಯಂ ರೋ ಮುಂದಿಟ್ಟ ಪ್ರಶ್ನೆ ಇನ್ನೂ ಜೀವಂತವಾಗಿದೆ. ಕ್ರೈಸ್ತ ನಂಬಿಕೆ ಇಲ್ಲಿ ವಿವರಣೆ ಕೊಡುವುದಕ್ಕಿಂತ ಶಿಲುಬೆಯ ಕಡೆ ಕೈ ತೋರಿಸುತ್ತದೆ: ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ ಎಂದು ಕೂಗಿದವನನ್ನೇ ಅದು ದೇವರೆಂದು ಕರೆಯುತ್ತದೆ. ಇದು ಸಮಾಧಾನವಾಗಬಹುದು, ಆಗದಿರಬಹುದು. ಪುರಾವೆ ಎಂದು ಮಾತ್ರ ಮುಂದಿಡಬಾರದು.

ಪರದೇಶದ ಧರ್ಮ, ದುಡ್ಡು, ಜಾತಿ

‘ಬ್ರಿಟಿಷರು ತಂದದ್ದು’ ಎಂಬುದಕ್ಕೆ ಇಸವಿಗಳೇ ಉತ್ತರ. ಯೇಸುವಿನ ಶಿಷ್ಯ ಅಪೊಸ್ತಲ ತೋಮ 52ರಲ್ಲಿ ಕೇರಳಕ್ಕೆ ಬಂದನೆಂಬುದು ಪರಂಪರೆಯ ನಂಬಿಕೆ, ದಾಖಲೆಯಲ್ಲ, ಹಾಗೆಂದೇ ಹೇಳಬೇಕು. ಆದರೆ ಕೊಲ್ಲಂನ ತರಿಸಾಪಳ್ಳಿ ಎಂಬ ಚರ್ಚಿಗೆ ಕೊಟ್ಟ ತಾಮ್ರ ಶಾಸನ 849ರದು. ಮಂಗಳೂರಿನ ರೊಸಾರಿಯೊ ಇಗರ್ಜಿ 1568ರಲ್ಲಿ ಸ್ಥಾಪನೆಯಾಯಿತು. ಈಸ್ಟ್ ಇಂಡಿಯಾ ಕಂಪನಿ 1813ರವರೆಗೆ ಮಿಷನರಿಗಳನ್ನು ತನ್ನ ನೆಲದಿಂದ ದೂರವೇ ಇಟ್ಟಿತ್ತು; ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿ 1800ರಲ್ಲಿ ನೆಲೆಸಿದ್ದು ಡೆನ್ಮಾರ್ಕಿನವರ ಕೈಯಲ್ಲಿದ್ದ ಸೆರಾಂಪುರದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನದು, ಅದರವರಲ್ಲಿ ಬಹಳ ಮಂದಿ ಜರ್ಮನರು.

ಇಲ್ಲಿಗೆ ನಿಲ್ಲಿಸಿದರೆ ಅರ್ಧಸತ್ಯ. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇನ್‌ಕ್ವಿಸಿಷನ್ (ಚರ್ಚಿನ ಧರ್ಮವಿಚಾರಣೆ) ನಡೆದಿದೆ. ಮತಾಂತರಗೊಂಡವರು ಹಳೆಯ ಆಚಾರ ಬಿಟ್ಟಿಲ್ಲವೆಂದು ಅವರನ್ನೇ ವಿಚಾರಣೆಗೆ ಎಳೆದದ್ದು ಅದು. ಮಂಗಳೂರಿನ ಅನೇಕ ಕೊಂಕಣಿ ಕಥೋಲಿಕ ಕುಟುಂಬಗಳ ಹಿರಿಯರು ಗೋವೆ ಬಿಟ್ಟು ದಕ್ಷಿಣಕ್ಕೆ ಬರಲು ಯುದ್ಧ, ಬರಗಾಲದ ಜೊತೆ ಇದೂ ಒಂದು ಕಾರಣ. ಕೇಳಿದವರಿಗಿಂತ ಮೊದಲು ನೀವೇ ಇದನ್ನು ಹೇಳಿದರೆ ಮಾತಿಗೆ ತೂಕ ಬರುತ್ತದೆ.

‘ಎಷ್ಟು ಕೊಟ್ಟರು?’ ಎಂಬುದು ಪ್ರಶ್ನೆಗಿಂತ ಚುಚ್ಚು. ನಿಮ್ಮ ಮನೆತನಕ್ಕೆ ಗೊತ್ತಿರುವುದನ್ನು ಹೇಳಿ. ಎಲ್ಲ ಸಭೆಗಳ ಪರವಾಗಿ ಪ್ರಮಾಣ ಮಾಡಲು ಹೋಗಬೇಡಿ. ಆಮಿಷ ಒಡ್ಡಿದವರಿದ್ದರೆ ಅದು ತಪ್ಪು ಎನ್ನಲು ಹಿಂಜರಿಕೆ ಬೇಡ. ಕಾನೂನು ತಿಳಿದಿರಲಿ: ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ, ಅದರಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಜಾತಿಯ ಪ್ರಶ್ನೆಗೆ ಉತ್ತರ ಚಿಕ್ಕದು: ಇದೆ. ಬೋಧನೆಯಲ್ಲಿ ಇಲ್ಲ, ಮದುವೆ ಮಾತುಕತೆಯಲ್ಲಿ ಇದೆ, ಕೆಲವೆಡೆ ಸಮಾಧಿ ಜಾಗದಲ್ಲೂ ಇದೆ. ‘ನಮ್ಮಲ್ಲಿ ಜಾತಿಯೇ ಇಲ್ಲ’ ಎಂದು ದಲಿತ ಕ್ರೈಸ್ತರ ಎದುರು ಹೇಳಲಾಗದ್ದನ್ನು ಬೇರೆಯವರ ಎದುರೂ ಹೇಳಬಾರದು.

ಉಳಿದವು

ಹಳೆಯ ಒಡಂಬಡಿಕೆಯ ಯೆಹೋಶುವನ ಪುಸ್ತಕದಲ್ಲಿ ಕಾನಾನಿನ ಜನರನ್ನು ಪೂರ್ತಿ ಕೊಲ್ಲಿರಿ ಎಂದು ದೇವರು ಇಸ್ರಾಯೇಲರಿಗೆ ಕೊಟ್ಟ ಆಜ್ಞೆಗಳು ನಿಜಕ್ಕೂ ಕಷ್ಟ. ಆ ಕಾಲದ ಯುದ್ಧವರದಿಗಳಲ್ಲಿ ‘ಒಬ್ಬರನ್ನೂ ಉಳಿಸಲಿಲ್ಲ’ ಎನ್ನುವುದು ರೂಢಿಯ ಉತ್ಪ್ರೇಕ್ಷೆಯಾಗಿತ್ತು. ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿರುವ, ಕ್ರಿ.ಪೂ. 9ನೇ ಶತಮಾನದ ಮೋವಾಬ್ ರಾಜ ಮೇಷನ ಶಾಸನ ಇಸ್ರಾಯೇಲ್ ಶಾಶ್ವತವಾಗಿ ನಾಶವಾಯಿತು ಎನ್ನುತ್ತದೆ. ಇಸ್ರಾಯೇಲ್ ಆಮೇಲೂ ಇತ್ತು. ಯೆಹೋಶುವ 10ರಲ್ಲಿ ಅಳಿದರೆಂದ ಜನ ನ್ಯಾಯಸ್ಥಾಪಕರು 1ರಲ್ಲಿ ಅದೇ ನಾಡಿನಲ್ಲಿದ್ದಾರೆ. ಇದರಿಂದ ತೊಡಕು ತುಸು ಸಡಿಲವಾಗುತ್ತದೆ, ಬಿಡಿಸಿಹೋಗುವುದಿಲ್ಲ. ಆಜ್ಞೆ ಆಜ್ಞೆಯೇ.

ವಿಜ್ಞಾನದ ಪ್ರಶ್ನೆ ಹಲವರು ಹೆದರುವಷ್ಟು ಕಠಿಣವಲ್ಲ. ಕ್ರೈಸ್ತರು ಪ್ರಕೃತಿಯ ಬಗ್ಗೆ ಅರಿಯದೆ ಮಾತಾಡಿ ತಿಳಿದವರ ನಗೆಗೀಡಾಗಬಾರದು ಎಂದು ಸಂತ ಅಗಸ್ಟೀನ್ ಐದನೇ ಶತಮಾನದ ಆರಂಭದಲ್ಲೇ ಎಚ್ಚರಿಸಿದ್ದಾನೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಜಾರ್ಜ್ ಲೆಮೈತ್ರ್ ಕಥೋಲಿಕ ಪಾದ್ರಿ. ದೇವರು ಆರು ದಿನದಲ್ಲಿ ಸೃಷ್ಟಿಸಿದ ಎಂದರೆ 24 ಗಂಟೆಯ ಆರು ದಿನ ಎನ್ನುವ ಸಭೆಗಳೂ ಇವೆ. ನಿಮ್ಮದು ಯಾವುದು ಎಂದು ಮೊದಲು ತಿಳಿದುಕೊಂಡು ಮಾತಾಡಿ.

‘ಯೇಸುವಿನ ಹೆಸರೇ ಕೇಳದ ನಮ್ಮ ಅಜ್ಜ ನರಕಕ್ಕಾ?’ ಎಂಬಲ್ಲೂ ಸಭೆಗಳು ಬೇರೆಬೇರೆ. ತನ್ನದಲ್ಲದ ತಪ್ಪಿನಿಂದ ಸುವಾರ್ತೆ ಅರಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಹುಡುಕುವವರಿಗೂ ರಕ್ಷಣೆ ಸಾಧ್ಯ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಅನೇಕ ಇವಾಂಜೆಲಿಕಲ್ ಸಭೆಗಳು (ವೈಯಕ್ತಿಕ ವಿಶ್ವಾಸಕ್ಕೆ ಒತ್ತು ಕೊಡುವ ಪ್ರೊಟೆಸ್ಟಂಟರು) ‘ನನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲ’ ಎನ್ನುವ ಯೋಹಾನ 14:6ನ್ನು ಹಿಡಿದು ಇದನ್ನು ಒಪ್ಪುವುದಿಲ್ಲ. ಕೆಲವರು ಮನಸ್ಸಾಕ್ಷಿಯ ಬಗ್ಗೆ ಹೇಳುವ ರೋಮಾ 2ನ್ನು ಹಿಡಿದು ತೀರ್ಪನ್ನು ದೇವರಿಗೆ ಬಿಡುತ್ತಾರೆ. ಸಭೆಯ ನಿಲುವು ಏನೇ ಇರಲಿ, ಯಾರದೋ ಅಜ್ಜನ ಮೇಲೆ ತೀರ್ಪು ಕೊಡುವುದು ನಿಮ್ಮ ಕೆಲಸವಲ್ಲ.

ಸಿದ್ಧತೆ

ಯುವಕೂಟದಲ್ಲಿ ನಾಲ್ಕರಿಂದ ಆರು ಮಂದಿ ಸೇರಿದರೆ ಸಾಕು. ತಮಗೆ ನಿಜವಾಗಿ ಎದುರಾದ ಪ್ರಶ್ನೆಗಳನ್ನಷ್ಟೇ ಚೀಟಿಯಲ್ಲಿ ಬರೆಯಲಿ. ಒಂದು ಕೂಟಕ್ಕೆ ಒಂದೇ ಪ್ರಶ್ನೆ. ಮೊದಲು ಆಕ್ಷೇಪವನ್ನು ಅದನ್ನು ಎತ್ತಿದವರೇ ಒಪ್ಪುವ ಹಾಗೆ ಬಲವಾಗಿ ಹೇಳಬೇಕು. ಇದಕ್ಕೆ ಅರ್ಧ ಸಮಯ ಹೋದರೂ ಪರವಾಗಿಲ್ಲ. ಆಮೇಲೆ ಮೊಬೈಲಿನಲ್ಲಿ ಎರಡು ನಿಮಿಷದ ಟೈಮರ್ ಇಟ್ಟು ಒಬ್ಬರು ಉತ್ತರಿಸಲಿ. ಉಳಿದವರು ಗಮನಿಸಬೇಕಾದದ್ದು ಎರಡು: ಚರ್ಚಿನ ಹೊರಗೆ ಯಾರಿಗೂ ಅರ್ಥವಾಗದ ಮಾತು ಎಷ್ಟು ಬಂತು, ಖಚಿತವಿಲ್ಲದ್ದನ್ನು ಖಚಿತವೆಂಬಂತೆ ಎಲ್ಲಿ ಹೇಳಿದರು. ‘ರಕ್ತದಿಂದ ತೊಳೆಯಲ್ಪಟ್ಟೆ’ ಎಂಬಂಥ ಮಾತು ಒಳಗಿನವರಿಗೆ ಅಭ್ಯಾಸ, ಹೊರಗಿನವರಿಗೆ ಗಾಬರಿ.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ನೋಡಿ ಹೇಳ್ತೀನಿ’ ಎಂದರೆ ಸಾಕು, ಆದರೆ ಒಂದು ವಾರದೊಳಗೆ ನೋಡಿ ಹೇಳಲೇಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಪ್ರಶ್ನೆಗೆ ಗುಂಪಿನಲ್ಲೇ ಉತ್ತರಿಸಬೇಡಿ. ಅಲ್ಲಿ ಇನ್ನೂರು ಜನ ನೋಡುತ್ತಿರುವಾಗ ಕೇಳಿದವರಿಗೆ ಹಿಂದೆ ಸರಿಯಲು ಜಾಗವಿಲ್ಲ, ನಿಮಗೂ ಇಲ್ಲ. ಕೇಳಿದವರಿಗೇ ಫೋನ್ ಮಾಡಿ.